ಫಿಲಂ ಮನೆಗೆ ಬರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಯುದ್ಧ ವಿಮಾನದ ವಿಷಯ ಎತ್ತಿದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ. ಎಷ್ಟು ವಿಮಾನ ಹೊಡೆದು ಉರುಳಿಸಿದರು? ಇವತ್ತು ನಾನು ಹೇಳುವ ಪೈಲಟ್‌ಗಳ ಮಟ್ಟಿಗೆ ಆ ಪ್ರಶ್ನೆಯೇ ತಪ್ಪು. ಅವರ ವಿಮಾನದಲ್ಲಿ ಬಂದೂಕೇ ಇರಲಿಲ್ಲ. ಕ್ಯಾಮೆರಾ ಇತ್ತು. ಶತ್ರುವಿನ ನೆಲದ ಫೋಟೋ ತೆಗೆಯಬೇಕು, ಫಿಲಂ ಮನೆಗೆ ತರಬೇಕು. ಜಗಳವಾಡುವುದಲ್ಲ, ಫಿಲಂ ಮನೆಗೆ ತರುವುದು. ಇದೊಂದನ್ನು ನೆನಪಿಟ್ಟುಕೊಳ್ಳಿ, ಸಾಕು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ವಾಯುಪಡೆ ಈ ಕೆಲಸಕ್ಕೆ ಬ್ಲೆನ್‌ಹೀಮ್ ವಿಮಾನಗಳನ್ನು ಕಳಿಸುತ್ತಿತ್ತು. ಅವು ನಿಧಾನ. ಜರ್ಮನ್ನರ ಕೈಗೆ ಸಿಕ್ಕಿಬೀಳುತ್ತಿದ್ದವು. ಮೇಲೆ ಹೋದರೆ ಚಳಿಗೆ ಕ್ಯಾಮೆರಾ ಹೆಪ್ಪುಗಟ್ಟುತ್ತಿತ್ತು. ಆಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಹಟವಾದಿ ಎರಡು ಸ್ಪಿಟ್‌ಫೈರ್ ಯುದ್ಧವಿಮಾನ ಕೇಳಿ ಪಡೆದರು. ಬಂದೂಕು ಕಳಚಿದರು, ರೇಡಿಯೋ ಕಳಚಿದರು. ಸಂದುಗೊಂದು ಮುಚ್ಚಿ, ಉಜ್ಜಿ ನುಣುಪು ಮಾಡಿ, ಆಕಾಶದಲ್ಲಿ ಕಾಣದಂಥ ತಿಳಿ ಬಣ್ಣ ಬಳಿದರು. ರೆಕ್ಕೆಯೊಳಗೆ ಕ್ಯಾಮೆರಾ ಇಟ್ಟರು. ಭಾರ ಇಳಿಯಿತು, ವೇಗ ಏರಿತು. ಎತ್ತರ ಮತ್ತು ವೇಗ, ಇವೆರಡೇ ಪೈಲಟ್‌ನ ರಕ್ಷಣೆ. ಇಷ್ಟೆಲ್ಲ ಯಾತಕ್ಕೆ? ಫಿಲಂ ಮನೆಗೆ ಬರಲಿ ಅಂತ.

ಈಗ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳುತ್ತೇನೆ. 1941ರ ಮೇ 21. ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ವಿಕ್ ಅಂತ ಒಂದು ಊರು. ಅಲ್ಲಿಂದ ಮೈಕಲ್ ಸಕ್ಲಿಂಗ್ ಎಂಬ ಹುಡುಗ ಹೊರಟ. ವಯಸ್ಸು ಇಪ್ಪತ್ತರ ಆಸುಪಾಸು. ಮಗುವಿನಂಥ ಮುಖ, ಅದಕ್ಕೇ ಜೊತೆಯವರು ಅವನನ್ನು 'ಬೇಬ್' ಎನ್ನುತ್ತಿದ್ದರು. ಒಬ್ಬನೇ ಸಮುದ್ರ ದಾಟಿ ನಾರ್ವೆಗೆ ಹೋದ. ಬರ್ಗೆನ್ ಹತ್ತಿರ, ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದಲ್ಲಿ, ದೊಡ್ಡ ಹಡಗುಗಳು ನಿಂತಿದ್ದವು. ಫೋಟೋ ತೆಗೆದು ತಿರುಗಿದ. ವಿಕ್‌ನಲ್ಲಿ ಫಿಲಂ ತೊಳೆದು ನೋಡಿದರೆ, ಅದು ಬಿಸ್ಮಾರ್ಕ್! ಇಡೀ ಬ್ರಿಟಿಷ್ ನೌಕಾಪಡೆ ಹುಡುಕುತ್ತಿದ್ದ ಜರ್ಮನ್ ಯುದ್ಧನೌಕೆ.

ಕೆಲಸ ಮುಗಿಯಿತು ಅಂದುಕೊಂಡಿರಾ? ಇಲ್ಲ. ಪ್ರಿಂಟುಗಳನ್ನು ದಕ್ಷಿಣದಲ್ಲಿ, ಲಂಡನ್ ಕಡೆ ಇದ್ದ ಅಧಿಕಾರಿಗಳು ಕಣ್ಣಾರೆ ನೋಡಬೇಕು. ಆಗ ಈಗಿನ ಹಾಗೆ ಮೊಬೈಲಿನಲ್ಲಿ ಕಳಿಸುವಂತಿಲ್ಲವಲ್ಲ. ಅದೇ ಹುಡುಗ ಮತ್ತೆ ವಿಮಾನ ಹತ್ತಿದ. ನಾಟಿಂಗ್‌ಹ್ಯಾಮ್ ಹತ್ತಿರ ಬರುವಷ್ಟರಲ್ಲಿ ಇಂಧನ ಮುಗಿಯುತ್ತಾ ಬಂತು, ಕತ್ತಲೂ ಆಯಿತು. ಇಳಿದ. ಬೆಳಿಗ್ಗೆವರೆಗೆ ಕಾಯೋಣ ಅನ್ನಲಿಲ್ಲ. ಪರಿಚಯದವನೊಬ್ಬನನ್ನು ಹಿಡಿದು ಅವನ ಕಾರಿನಲ್ಲಿ ಹೊರಟ. ಯುದ್ಧಕಾಲ, ದಾರಿಯಲ್ಲಿ ಒಂದು ದೀಪವೂ ಇಲ್ಲ. ಆ ಕತ್ತಲಲ್ಲೇ ಹೋಗಿ ನಡುರಾತ್ರಿ ದಾಟಿದ ಮೇಲೆ ಪ್ರಿಂಟು ಮುಟ್ಟಿಸಿದ. ಈ ಹುಡುಗನ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ? ಬಿಸ್ಮಾರ್ಕ್ ಹೆಸರು ಎಲ್ಲರಿಗೂ ಗೊತ್ತು. ಅದು ಬ್ರಿಟನ್ನಿನ ಹುಡ್ ನೌಕೆಯನ್ನು ಮುಳುಗಿಸಿದ್ದೂ ಗೊತ್ತು, ಮೇ 27ರಂದು ತಾನೇ ಮುಳುಗಿದ್ದೂ ಗೊತ್ತು. ನನಗೆ ಇದು ಯಾವಾಗಲೂ ಬೇಸರ.

ಅದಾಗಿ ಎರಡೇ ತಿಂಗಳು. ಜುಲೈಯಲ್ಲಿ ಫ್ರಾನ್ಸಿನ ಲಾ ರೋಷೆಲ್ ಕಡೆ ಹೋದ ಸಕ್ಲಿಂಗ್ ವಾಪಸ್ ಬರಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1942ರ ಅಕ್ಟೋಬರಿನಲ್ಲಿ, ಕಾಟನ್ ಶುರುಮಾಡಿದ್ದ ಈ ಫೋಟೋ ಘಟಕವನ್ನು 540ರಿಂದ 544ರವರೆಗೆ ಐದು ಸ್ಕ್ವಾಡ್ರನ್‌ಗಳಾಗಿ, ಅಂದರೆ ವಿಮಾನ ತಂಡಗಳಾಗಿ ಮಾಡಿದರು. 1943ರ ಮೇ 17ರ ಬೆಳಿಗ್ಗೆ 542ನೆಯ ಸ್ಕ್ವಾಡ್ರನ್ನಿನ ಫ್ರೇ ಎಂಬ ಪೈಲಟ್ ಜರ್ಮನಿಯ ಮೇಲೆ ಹಾರುತ್ತಿದ್ದರು. ದೂರದಲ್ಲಿ ಮೋಡದ ಹಾಗೆ ಏನೋ ಹೊಳೆಯಿತು. ಹತ್ತಿರ ಹೋದರೆ ಮೋಡವಲ್ಲ, ಹಿಂದಿನ ರಾತ್ರಿ ಬ್ರಿಟಿಷರ ಬಾಂಬಿಗೆ ಒಡೆದ ಮೋನೆ ಅಣೆಕಟ್ಟಿನ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

ಇನ್ನು, ಬಂದ ಫೋಟೋ ನೋಡಿ ಗುರುತು ಹಿಡಿಯುವವರ ವಿಷಯ. ಒಂದು ಕಣ್ಣು ಮುಚ್ಚಿ ನಿಮ್ಮ ಹೆಬ್ಬೆರಳು ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಜರುಗಿದ ಹಾಗೆ ಕಾಣುತ್ತೆ, ಅಲ್ವಾ? ಸ್ವಲ್ಪ ಸ್ವಲ್ಪ ಜಾಗ ಬದಲಿಸಿ ತೆಗೆದ ಎರಡು ಫೋಟೋಗಳನ್ನು ಜೋಡಿ ಮಸೂರದಲ್ಲಿ ನೋಡಿದರೆ ಕಟ್ಟಡಗಳು ಎದ್ದು ನಿಲ್ಲುತ್ತವೆ. ಇಂಥ ಫೋಟೋ ಪರಿಶೀಲಿಸುತ್ತಿದ್ದ ಇಂಗ್ಲೆಂಡಿನ ಮೆಡ್‌ಮೆನ್‌ಹ್ಯಾಮ್‌ನಲ್ಲಿ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಮಹಿಳೆ, ಜರ್ಮನ್ನರು ಹೊಸ ಅಸ್ತ್ರ ಪರೀಕ್ಷಿಸುತ್ತಿದ್ದ ಪೀನೆಮುಂಡೆಯ ಫೋಟೋದಲ್ಲಿ ಪುಟ್ಟದೊಂದು ಚುಕ್ಕಿಯಂತಿದ್ದ ವಿ-1 ಹಾರುಬಾಂಬನ್ನು ಗುರುತಿಸಿದರು. ಫಿಲಂ ಬಂದಿತ್ತು, ಗುರುತಿಸಿದರು.

ನಮ್ಮಲ್ಲೂ ಇಂಥ ಪೈಲಟ್‌ಗಳಿದ್ದರು. ಭಾರತೀಯ ವಾಯುಪಡೆಯ 106ನೆಯ ಸ್ಕ್ವಾಡ್ರನ್. ಅದರ ಜಗಮೋಹನ್ ನಾಥ್ ಅವರಿಗೆ ಎರಡು ಮಹಾವೀರ ಚಕ್ರ, 1962ರದ್ದೊಂದು, 1965ರದ್ದೊಂದು. ಅವರು ಹಾರಿಸಿದ, ಫೋಟೋ ತೆಗೆಯುವ ಕ್ಯಾನ್‌ಬೆರಾ ವಿಮಾನದಲ್ಲೂ ಬಂದೂಕು ಇರಲಿಲ್ಲ.

ನಮಸ್ಕಾರ.