ಮೊದಲು ಮಣ್ಣು ಮಾಡಿ, ಆಮೇಲೆ ಮರ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಕೂಟದವರು ನನಗೆ ಕೊಟ್ಟಿದ್ದೇ ಸ್ವಲ್ಪ ಸಮಯ. ಅದರಲ್ಲಿ ಅರ್ಧವನ್ನು ಮೈಕ್ ತಿಂದುಹಾಕಿತು. ಹಾಗಾಗಿ ಪೀಠಿಕೆ ಬೇಡ.

ಇಲ್ಲಿ ಇಂಗ್ಲಿಷ್ ಸೊಸೆ, ಇಂಗ್ಲಿಷ್ ಅಳಿಯ ಇರುವವರು ತುಂಬಾ ಜನ ಇದ್ದೀರಿ. ಮೊಮ್ಮಕ್ಕಳು ಶಾಲೆಯಿಂದ ವಂಶವೃಕ್ಷ ಬರೆಯುವ ಕೆಲಸ ತರುತ್ತಾರೆ. ನಮ್ಮ ಕಡೆಯದು ಮುತ್ತಜ್ಜನ ಹತ್ತಿರ ನಿಲ್ಲುತ್ತದೆ. ಬೀಗರ ಕಡೆಯದು ಮಾತ್ರ ಸಂಜೆಯೊಳಗೆ ಮೊದಲನೇ ಎಲಿಜಬೆತ್ ರಾಣಿಯ ಕಾಲ ಮುಟ್ಟಿರುತ್ತದೆ! ನನ್ನ ತಕರಾರು ಇಲ್ಲೇ. ಹೆಸರು ಸಿಕ್ಕಿತು, ಊರು ಸಿಕ್ಕಿತು, ಅಂಟಿಸಿದರು. ಆ ಮಗು ಬದುಕಿ ಉಳಿಯಿತಾ ಅಂತ ಯಾರೂ ನೋಡಿರುವುದಿಲ್ಲ. ಚರ್ಚಿನ ಪುಸ್ತಕದಲ್ಲಿ ಬ್ಯಾಪ್ಟಿಸಮ್, ಅಂದರೆ ಮಗುವಿಗೆ ಚರ್ಚಿನಲ್ಲಿ ಮಾಡುವ ಸಂಸ್ಕಾರದ ಸಾಲು ಸಿಕ್ಕ ಕೂಡಲೇ ಸಮಾಧಿ ಪುಟ ತೆಗೆಯಿರಿ. ಮುಂದಿನ ತಿಂಗಳೇ ಮಣ್ಣು ಮಾಡಿದ ಮಗು ಯಾರ ಮುತ್ತಜ್ಜನಾದೀತು?

ಈ ಪುಸ್ತಕಗಳ ಹಿನ್ನೆಲೆ ನಿಮಗೆ ಗೊತ್ತೇ ಇದೆ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆ. ಊರಿನ ಬ್ಯಾಪ್ಟಿಸಮ್, ಮದುವೆ, ಸಮಾಧಿಗಳನ್ನು ಪ್ರತಿ ಚರ್ಚಿನಲ್ಲೂ ಪ್ರತಿ ಭಾನುವಾರ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ, ಒಂದು ಕೀ ಪಾದ್ರಿಯ ಹತ್ತಿರ, ಇನ್ನೊಂದು ಚರ್ಚಿನ ಆಡಳಿತ ನೋಡುವ ವಾರ್ಡನ್‌ಗಳ ಹತ್ತಿರ. ಇದು ಹೊಸ ತೆರಿಗೆಗೆ ದಾರಿ ಅಂತ ಜನ ಹೆದರಿದರು. ಸುಮ್ನೆ ಹೆದರಲಿಲ್ಲ ಬಿಡಿ. 1783ರಲ್ಲಿ ಒಂದೊಂದು ಸಾಲಿಗೆ ಮೂರು ಪೆನ್ಸ್ ಸುಂಕ ಬಂದೇ ಬಂತು. ಬಡವರಿಗೆ ಮಾಫಿ ಇತ್ತು. ಕೆಲವು ಊರುಗಳ ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಬಡವರು ಜಾಸ್ತಿಯಾಗಿಬಿಟ್ಟರು.

1598ರಲ್ಲಿ ಇನ್ನೊಂದು ಆಜ್ಞೆ. ಕಾಗದದಲ್ಲಿದ್ದದ್ದನ್ನು ಚರ್ಮದ ಹಾಳೆಗೆ ನಕಲು ಮಾಡಿ, ಅದರಲ್ಲೂ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದಾಗಿನಿಂದ ಅಂತ. ಸೋಮಾರಿಗಳಿಗೆ ಅಷ್ಟು ಸಾಕಲ್ವಾ? ಎಷ್ಟೋ ಪುಸ್ತಕಗಳು 1558ರಿಂದ ಶುರುವಾಗುವುದು ಅದಕ್ಕೇ.

ನಮ್ಮ ಬರ್ಮಿಂಗ್‌ಹ್ಯಾಮ್‌ನಿಂದ ಸ್ವಲ್ಪ ದೂರದ ಸ್ಟ್ರಾಟ್‌ಫರ್ಡ್‌ದೂ ಹಾಗೇ. ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನ ಪುಸ್ತಕದಲ್ಲಿ 1564ರ ಏಪ್ರಿಲ್ 26ಕ್ಕೆ ಲ್ಯಾಟಿನ್‌ನಲ್ಲಿ ಒಂದು ಸಾಲು: ವಿಲಿಯಂ, ಜಾನ್ ಶೇಕ್ಸ್‌ಪಿಯರ್‌ನ ಮಗ. ತಾಯಿಯ ಹೆಸರಿಲ್ಲ, ಹುಟ್ಟಿದ ದಿನವಿಲ್ಲ. 23 ಅಂತ ನಾವು ಆಚರಿಸುವುದು ಊಹೆ. ಈ ಸಾಲು ಕೂಡ ನಕಲೇ.

ಈಗ ಪುಟ ತಿರುಗಿಸಿ. 1589ರಲ್ಲಿ ಜಾನ್ ಶೇಕ್ಸ್‌ಪಿಯರ್‌ಗೆ ಅರ್ಸುಲಾ ಅಂತ ಮಗಳು. 1590ರಲ್ಲಿ ಹಂಫ್ರಿ. 1591ರಲ್ಲಿ ಫಿಲಿಪ್. ಹಳೆಯ ಚರಿತ್ರೆಕಾರರು ಈ ಮೂವರನ್ನೂ ಕವಿಯ ಒಡಹುಟ್ಟಿದವರು ಅಂದುಬಿಟ್ಟಿದ್ದರು. ಕವಿಯ ಅಮ್ಮ ಮೇರಿಯ ಮೊದಲ ಮಗು 1558ರಲ್ಲಿ. 1591ಕ್ಕೆ ಆಕೆಗೆ ಮೊಮ್ಮಕ್ಕಳೇ ಇದ್ದರು! ಸೊಸೆಯ ಬಾಣಂತನ ಮುಗಿಸಿದ ಅತ್ತೆಗೆ ಈ ವಯಸ್ಸಿನಲ್ಲಿ ಮತ್ತೆ ಸಾಲಾಗಿ ಮೂರು ಬಾಣಂತನ!

ಈ ಗಂಟು ಬಿಡಿಸಿದ್ದು ಯಾವ ಪುಟ ಹೇಳಿ? ಸಮಾಧಿ ಪುಟ. 1587ರ ಅಕ್ಟೋಬರ್‌ನಲ್ಲಿ 'ಜಾನ್ ಶೇಕ್ಸ್‌ಪಿಯರ್ ಹೆಂಡತಿ ಮಾರ್ಜರಿ'ಯನ್ನು ಮಣ್ಣು ಮಾಡಿದ್ದಾರೆ. ಮೇರಿ ಸತ್ತದ್ದು 1608ರಲ್ಲಿ. ಅಂದರೆ ಈ ಜಾನ್ ಬೇರೆ. ಅದೇ ಊರಿನಲ್ಲಿ ಬೂಟು ಹೊಲಿಯುತ್ತಿದ್ದವನು. ಮಾರ್ಜರಿ ಹೋದ ಮೇಲೆ ಮತ್ತೆ ಮದುವೆಯಾದ, ಈ ಮೂರು ಮಕ್ಕಳು ಅವನವು. ಕವಿಯ ಅಪ್ಪ ಕೈಗವಸು ಮಾಡುವವನು, 1568ರಲ್ಲಿ ಊರಿನ ಮುಖ್ಯಸ್ಥನೂ ಆಗಿದ್ದ. ಆಮೇಲೆ ಅವನ ಹೆಸರಿನ ಹಿಂದೆ ಮರ್ಯಾದೆಗೆ 'ಮಾಸ್ಟರ್' ಸೇರಿತು. ಬೂಟಿನವನಿಗೆ ಅದಿಲ್ಲ.

ಸಮಾಧಿ ಪುಸ್ತಕವೂ ಕೈಕೊಡುತ್ತದೆ, ಒಪ್ಪುತ್ತೇನೆ. ಆ 1558ರ ಮೊದಲ ಮಗುವಿನ ಹೆಸರು ಜೋನ್. 1569ರಲ್ಲಿ ಅದೇ ಅಪ್ಪನಿಗೆ ಮತ್ತೊಬ್ಬಳು ಜೋನ್. ಮೊದಲನೆಯವಳನ್ನು ಹೂಳಿದ ಸಾಲು ಆ ಪುಸ್ತಕದಲ್ಲಿಲ್ಲ. ಆದರೂ ಅದೇ ಹೆಸರನ್ನು ಮತ್ತೆ ಇಟ್ಟಿದ್ದಾರೆ ಅಂದರೆ ಅವಳು ಉಳಿದಿರಲಿಲ್ಲ ಅಂತಲೇ ತಿಳಿಯಬೇಕು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ.

1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. 1699ರ ಏಪ್ರಿಲ್‌ನಲ್ಲಿ ಮದುವೆ, 1699ರ ಫೆಬ್ರವರಿಯಲ್ಲಿ ಮಗುವಿನ ಬ್ಯಾಪ್ಟಿಸಮ್ ಅಂತಿದ್ದರೆ ಬೀಗರ ಮರ್ಯಾದೆ ತೆಗೆಯಬೇಡಿ. ಮಗು ಮದುವೆಯಾಗಿ ಹತ್ತು ತಿಂಗಳಿಗೇ ಬಂದಿದೆ. 1640, 50ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಬಹಳ ಪುಸ್ತಕಗಳು ಖಾಲಿ ಹೊಡೆಯುತ್ತವೆ. 1754ರಿಂದ ಮದುವೆಗೆ ಸಹಿ, ಸಾಕ್ಷಿ. ಸಹಿ ಬಾರದವರ ಗೀಟು ನೋಡುವುದೇ ಒಂದು ಖುಷಿ, ಅದನ್ನು ಇನ್ನೊಂದು ದಿನ ಹೇಳುತ್ತೇನೆ. 1813ರಿಂದ ಅಚ್ಚಾದ ಫಾರಂ, ಅಪ್ಪನ ಕಸುಬು, ಸತ್ತವರ ವಯಸ್ಸು. ವಯಸ್ಸು ಇದೆಯಲ್ಲ, ಇನ್ನು ಸಮಾಧಿ ಪುಟ ನೋಡದಿರಲು ನೆಪವೇ ಇಲ್ಲ. 1837ರ ಜುಲೈಯಿಂದ ಸರ್ಕಾರಿ ನೋಂದಣಿ, ಅದು ಸುಲಭ.

ಕೊನೆಯದು. ಪೂರ್ವಜನೊಬ್ಬ ಹಳ್ಳಿಯಿಂದ ಮಾಯವಾಗಿ, ಸಮಾಧಿ ಎಲ್ಲೂ ಸಿಗದಿದ್ದರೆ ನಮ್ಮ ಕಡೆಯೂ ಹುಡುಕಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಬೆಂಗಳೂರು ಕಂಟೋನ್ಮೆಂಟಿಗೆ ಬಂದವರು ಎಷ್ಟೋ ಜನ. ಅಲ್ಲಿನ ಚರ್ಚುಗಳ ಬ್ಯಾಪ್ಟಿಸಮ್, ಮದುವೆ, ಸಮಾಧಿ ಪಟ್ಟಿಗಳ ನಕಲು ಮದ್ರಾಸ್ ಮೂಲಕ ಲಂಡನ್‌ಗೆ ಹೋಗುತ್ತಿತ್ತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೂರರಲ್ಲಿ ಯಾವುದನ್ನು ಮರೆಯಬಾರದು ಅಂತ ಮತ್ತೆ ಹೇಳಬೇಕಾ?

ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ಹಿಡಿಯಿರಿ. ಮರದ ಪ್ರಿಂಟ್ ತಂದಿದ್ದರೆ ಕೊಡಿ, ಪೆನ್ಸಿಲ್ ನನ್ನ ಹತ್ತಿರ ಇದೆ.