ಸೂಜಿಮೊನೆಯ ಅಕ್ಷರ: ಕೀರ್ ಹಾರ್ಡಿಯವರ ಬದುಕು

ಅಧ್ಯಕ್ಷರೇ, ಸಂಘದ ಗೆಳೆಯರೇ,

ಆಗಸ್ಟ್ ತಿಂಗಳ ಉಪನ್ಯಾಸಕ್ಕೆ ಸ್ಕಾಟ್ಲೆಂಡಿನ ಕಾರ್ಮಿಕ ನಾಯಕ ಕೀರ್ ಹಾರ್ಡಿಯವರನ್ನು ಏಕೆ ಆರಿಸಿಕೊಂಡಿರಿ ಎಂದು ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ಅವರು ಹುಟ್ಟಿದ್ದು 1856ರ ಆಗಸ್ಟ್ 15ರಂದು ಎಂದೆ. ಅಷ್ಟಕ್ಕೇ ಅವರು ಸಮಾಧಾನಗೊಂಡು ಒಳಗೆ ಹೋದರು. ನನ್ನ ನಿಜವಾದ ಕಾರಣ ಮಾತ್ರ ಬೇರೆ. ಕಾರ್ಮಿಕ ನಾಯಕ ಎಂದೊಡನೆ ನಮ್ಮ ಕಣ್ಣಿಗೆ ಎತ್ತಿದ ಮುಷ್ಟಿ ಕಾಣುತ್ತದೆ, ಕಿವಿಗೆ ಘೋಷಣೆ ಕೇಳುತ್ತದೆ. ಸಂಘ ನಿಲ್ಲುವುದು ಮಾತ್ರ ರಸೀದಿ ಪುಸ್ತಕ, ನಡಾವಳಿ, ಅರ್ಜಿಗಳ ಮೇಲೆ ಎಂಬುದು ಹಲವು ವರ್ಷ ಸಂಘದ ಲೆಕ್ಕ ಬರೆದ ನನ್ನ ಹಳೆಯ ಹಠ. ಆ ಹಠಕ್ಕೆ ಹಾರ್ಡಿಯವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ತಾಯಿ ಮೇರಿ ಕೀರ್, ಲ್ಯಾನಾರ್ಕ್‌ಷೈರಿನಲ್ಲಿ ಹೊಲಮನೆಯ ಕೆಲಸಕ್ಕಿದ್ದ ಹೆಣ್ಣುಮಗಳು. ಮಗ ಹುಟ್ಟಿದಾಗ ಆಕೆಗೆ ಮದುವೆಯಾಗಿರಲಿಲ್ಲ. ಮುಂದೆ ಹಡಗಿನ ಬಡಗಿ ಡೇವಿಡ್ ಹಾರ್ಡಿಯನ್ನು ಮದುವೆಯಾದರು. ಹುಡುಗನಿಗೆ ಶಾಲೆ ಎಂಬುದು ಇರಲಿಲ್ಲವೆಂದೇ ಹೇಳಬೇಕು. ಓದಲು ಕಲಿಸಿದ್ದು ತಾಯಿ.

ಹತ್ತರ ವಯಸ್ಸಿನಲ್ಲಿ ಆ ಹುಡುಗ ಗ್ಲಾಸ್ಗೋದ ಒಬ್ಬ ಬ್ರೆಡ್ ವ್ಯಾಪಾರಿಯ ಬಳಿ, ವಾರಕ್ಕೆ ಮೂರೂವರೆ ಶಿಲ್ಲಿಂಗ್ ಕೂಲಿಗೆ, ಬೆಳಗಿನ 7ರಿಂದ ಸಂಜೆ 7.30ರವರೆಗೆ ದುಡಿಯುತ್ತಿದ್ದ. ತಂದೆಗೆ ಕೆಲಸವಿಲ್ಲ, ತಮ್ಮ ಜ್ವರದಲ್ಲಿ ಮಲಗಿದ್ದಾನೆ, ತಾಯಿಗೆ ದಿನ ತುಂಬಿದೆ. ಮನೆಗೆ ಬರುತ್ತಿದ್ದದ್ದು ಈ ಹುಡುಗನ ಕೂಲಿಯೊಂದೇ. ರಾತ್ರಿಯೆಲ್ಲ ತಮ್ಮನ ಬಳಿ ಎಚ್ಚರವಿದ್ದು ಎರಡು ಬೆಳಿಗ್ಗೆ ಕೆಲಸಕ್ಕೆ ತಡವಾಯಿತು. ಯಜಮಾನರು ಮಹಡಿಗೆ ಕರೆಯುತ್ತಿದ್ದಾರೆ ಎಂದರು. ಹೋದರೆ, ಯಜಮಾನರ ಪ್ರಾರ್ಥನೆ ಮುಗಿಯುವವರೆಗೆ ಬಾಗಿಲ ಹೊರಗೇ ನಿಲ್ಲಬೇಕೆಂದು ಕೆಲಸದಾಕೆ ತಡೆದಳು. ಸ್ವಲ್ಪ ಯೋಚಿಸಿ, ಗೆಳೆಯರೇ: ಮಳೆಯಲ್ಲಿ ನೆನೆದ, ಹಸಿದ ಹುಡುಗ ಹೊರಗೆ, ಒಳಗೆ ದೇವರ ಪ್ರಾರ್ಥನೆ. ಬಾಗಿಲು ತೆರೆದಾಗ ಕಂಡದ್ದು ಹೊಳೆಯುವ ದೊಡ್ಡ ಮೇಜು, ಸುತ್ತ ಕುಳಿತ ಸಂಸಾರ, ಕಾಫಿಯ ಪರಿಮಳ. ಗಿರಾಕಿಗಳಿಗೆ ಬಿಸಿ ಬ್ರೆಡ್ಡು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಅವರು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ ಎಂದು ಯಜಮಾನರು ವಿವರಿಸಿದರು, ಕೆಲಸದಿಂದ ತೆಗೆದರು, ಇನ್ನು ಮುಂದೆ ಬುದ್ಧಿ ಬರಲೆಂದು ಒಂದು ವಾರದ ಕೂಲಿಯನ್ನು ದಂಡವಾಗಿ ಮುರಿದುಕೊಂಡರು. ಅದೇ ರಾತ್ರಿ ತಾಯಿಗೆ ಹೆರಿಗೆಯಾಯಿತು. 1867ರ ಹೊಸ ವರ್ಷದ ಬೆಳಗು ಮೂಡಿದಾಗ ಆ ಮನೆಯಲ್ಲಿ ಒಲೆಗೆ ಬೆಂಕಿಯೂ ಇರಲಿಲ್ಲ, ಊಟಕ್ಕೆ ತುತ್ತೂ ಇರಲಿಲ್ಲ. ಹಾರ್ಡಿ ಇದನ್ನು ಬದುಕಿನುದ್ದಕ್ಕೂ ಹೇಳಿಕೊಂಡು ಬಂದರು. ನಾನೂ ಇದನ್ನು ಈ ವೇದಿಕೆಯಿಂದ ಮೂರನೆಯ ಸಲ ಹೇಳುತ್ತಿದ್ದೇನೆಂದು ಹಿಂದಿನ ಸಾಲಿನ ನಗು ತಿಳಿಸುತ್ತಿದೆ, ಕ್ಷಮೆಯಿರಲಿ.

ಅಲ್ಲಿಂದ ಹುಡುಗ ಕಲ್ಲಿದ್ದಲ ಗಣಿಗೆ ಇಳಿದ. ಗಾಳಿ ಹರಿಯುವ ದಾರಿಯ ಬಾಗಿಲನ್ನು ಬಂಡಿ ಬಂದಾಗ ತೆರೆದು, ಹೋದ ಮೇಲೆ ಮುಚ್ಚುವುದು ಅವನ ಕೆಲಸ. ದಿನಕ್ಕೆ ಹತ್ತು ತಾಸು ಕತ್ತಲಲ್ಲಿ ಒಬ್ಬನೇ. ರಾತ್ರಿ ಶಾಲೆಗೆ ಹೋದರೆ ಅಲ್ಲಿ ದೀಪವಿಲ್ಲ, ಮಕ್ಕಳೇ ಮೇಣದಬತ್ತಿ ತರಬೇಕು. ಇನ್ನು ನನ್ನ ಹಠದ ವಿಷಯ: ಶೀಘ್ರಲಿಪಿ ಕಲಿಯಬೇಕೆಂದು ಈ ಹುಡುಗ ಗಣಿದೀಪದ ಹೊಗೆಯಲ್ಲಿ ಒಂದು ಕಲ್ಲನ್ನು ಕಪ್ಪಾಗಿಸಿ, ದೀಪದ ಬತ್ತಿ ಸರಿಪಡಿಸುವ ಸೂಜಿಯಿಂದ ಆ ಮಸಿಯನ್ನು ಗೀರಿ ಅಕ್ಷರ ತಿದ್ದುತ್ತಿದ್ದ. ಕಲ್ಲು ತುಂಬಿದರೆ ಮತ್ತೆ ಹೊಗೆ ಹಿಡಿಯುವುದು, ಮತ್ತೆ ಬರೆಯುವುದು.

ಬರೆಯಬಲ್ಲವನ ಹತ್ತಿರ ಜನ ಅಹವಾಲು ತರುತ್ತಾರೆ, ಅವನ ಮೇಲೆ ಮಾಲೀಕರ ಕಣ್ಣೂ ಬೀಳುತ್ತದೆ. ಒಂದು ಬೆಳಿಗ್ಗೆ ಆಳುಗಳನ್ನು ಹೊತ್ತು ಗಣಿಗೆ ಇಳಿಯುತ್ತಿದ್ದ ಪಂಜರವನ್ನೇ ಮೇಲಕ್ಕೆಳೆಸಿದ ಮೇಲ್ವಿಚಾರಕ, ಹಾರ್ಡಿಗಳಲ್ಲಿ ಒಬ್ಬನೂ ಈ ಗಣಿಯಲ್ಲಿರಕೂಡದೆಂದು ಬೈದು ಹೊರಗಟ್ಟಿದ. 1879ರಲ್ಲಿ ಹ್ಯಾಮಿಲ್ಟನ್ನಿನ ಗಣಿಗಾರರು ಅವರಿಗೆ ಕೊಟ್ಟ ಹುದ್ದೆ ಯಾವುದು? ಪತ್ರವ್ಯವಹಾರದ ಕಾರ್ಯದರ್ಶಿ! ಮುಂದೆ ಏರ್‌ಷೈರಿನಲ್ಲಿ 1881ರ ಮುಷ್ಕರ ಮುಗಿದ ಮೇಲೆ ಸಂಘಕ್ಕೆ ಉಸಿರಿರಲಿಲ್ಲ. ಆಗ ಅವರು ಕಮ್ನಕ್ ಎಂಬ ಊರಿನಲ್ಲಿ ಸ್ಥಳೀಯ ಪತ್ರಿಕೆಗೆ ಸುದ್ದಿ ಬರೆದು ಸಂಸಾರ ಸಾಗಿಸಿದರು, 1886ರಲ್ಲಿ ಅಲ್ಲಿಯೇ ಸಂಘವನ್ನು ಮತ್ತೆ ಕಟ್ಟಿದರು, ಮರುವರ್ಷ ಗಣಿಗಾರರಿಗಾಗಿ ತಮ್ಮದೇ ಪತ್ರಿಕೆ ತೆರೆದರು.

1888ರಲ್ಲಿ ಮಿಡ್ ಲ್ಯಾನಾರ್ಕ್ ಉಪಚುನಾವಣೆ ಬಂತು. ಕಣದಿಂದ ಹಿಂದೆ ಸರಿದರೆ ಮುಂದೆ ಬೇರೆ ಕ್ಷೇತ್ರವನ್ನೂ ವರ್ಷಕ್ಕೆ 300 ಪೌಂಡನ್ನೂ ಕೊಡುವುದಾಗಿ ಲಿಬರಲ್ ಪಕ್ಷದವರು ಆಸೆ ತೋರಿಸಿದರು. ಸಂಸತ್ ಸದಸ್ಯರಿಗೆ ಸಂಬಳವೇ ಇಲ್ಲದಿದ್ದ ಕಾಲವದು. ಹಾರ್ಡಿ ಒಲ್ಲೆನೆಂದರು, ಬಿದ್ದ ಮತ 617. ನಾಲ್ಕು ವರ್ಷಗಳ ನಂತರ ಲಂಡನ್ನಿನ ಪಕ್ಕದ ವೆಸ್ಟ್ ಹ್ಯಾಮ್ ಸೌತ್‌ನಿಂದ ಗೆದ್ದು, ಎಲ್ಲರೂ ಕರಿಕೋಟು ರೇಷ್ಮೆ ಟೋಪಿಯಲ್ಲಿ ಬರುವ ಸಭೆಗೆ ಒರಟು ಉಣ್ಣೆಯ ಉಡುಪಿನಲ್ಲಿ ಹೋದರು. ಛಾವಣಿ ಕೆಲಸಕ್ಕೆ ಬಂದೆಯೇನಪ್ಪ ಎಂದು ಬಾಗಿಲ ಪೊಲೀಸಿನವನು ಕೇಳಿದನಂತೆ. ಅಲ್ಲ, ಕೆಲಸ ಕೆಳಗಡೆ ನೆಲದ ಮೇಲೆ ಎಂದರಂತೆ ಇವರು. ಸಂಸತ್ತಿನಲ್ಲಿ ಸದಸ್ಯರು ಕೂತು ಮಾತಾಡುವ ಜಾಗಕ್ಕೂ ಇಂಗ್ಲಿಷಿನಲ್ಲಿ ‘ನೆಲ’ ಎಂದೇ ಹೆಸರು. ಕಟ್ಟುಕಥೆಯೇ ಇರಬಹುದು, ಆದರೆ ಕಟ್ಟಿದವನು ಹಾರ್ಡಿಯವರನ್ನು ಚೆನ್ನಾಗಿ ಬಲ್ಲವನು.

1894ರ ಜೂನ್ 23ರಂದು ವೇಲ್ಸಿನ ಸಿಲ್ವಿನಿತ್ ಊರಿನ ಆಲ್ಬಿಯನ್ ಗಣಿಯಲ್ಲಿ ಸ್ಫೋಟವಾಗಿ 290 ಮಂದಿ ಸತ್ತರು. ಅದೇ ದಿನ ರಾಜಮನೆತನದಲ್ಲಿ ಗಂಡುಮಗು ಹುಟ್ಟಿತು. ಆ ವಾರದಲ್ಲೇ ಫ್ರಾನ್ಸಿನ ಅಧ್ಯಕ್ಷರ ಹತ್ಯೆಗೆ ಸಂತಾಪ ಸೂಚಿಸಿದ ಸಂಸತ್ ಸಭೆ, ಮಗುವಿನ ಜನನಕ್ಕೆ ಅಭಿನಂದನಾ ಪತ್ರ ಸಿದ್ಧಪಡಿಸಿತು. ಸತ್ತ ಗಣಿಗಾರರ ಸಂಸಾರಗಳಿಗೂ ಒಂದು ಸಂತಾಪದ ಮಾತು ಸೇರಿಸಿ ಎಂದು ಹಾರ್ಡಿ ಬೇಡಿದರು. ಗಮನಿಸಿ: ಕೇಳಿದ್ದು ಹಣವನ್ನಲ್ಲ, ಕಾನೂನನ್ನಲ್ಲ, ಕಾಗದದ ಮೇಲೆ ಒಂದು ವಾಕ್ಯ. ಸಭೆ ಒಪ್ಪಲಿಲ್ಲ. ಆಗ ಅವರು ಎದ್ದುನಿಂತು, ಗದ್ದಲದ ನಡುವೆಯೇ, ಈ ಮಗುವಿನ ಸುತ್ತ ಹೊಗಳುಭಟರು ನೆರೆಯುತ್ತಾರೆ, ಇವನನ್ನು ಲೋಕ ಸುತ್ತಲು ಕಳಿಸುತ್ತಾರೆ, ಅಂತಸ್ತು ಒಪ್ಪದ ಮದುವೆಯ ಗುಲ್ಲೂ ಹುಟ್ಟುತ್ತದೆ, ಕೊನೆಗೆ ಖರ್ಚಿನ ಚೀಟಿ ದೇಶದ ಕೈಗೆ ಬರುತ್ತದೆ ಎಂದರು. ಆ ಮಗುವೇ ಎಂಟನೆಯ ಎಡ್ವರ್ಡ್. 1936ರಲ್ಲಿ ಮದುವೆಯ ಕಾರಣಕ್ಕೆ ಸಿಂಹಾಸನ ಬಿಟ್ಟವರು. ಇದನ್ನು ಭವಿಷ್ಯವಾಣಿ ಎಂದು ಮೆಚ್ಚುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಸೇರದೆ ಹೋದ ವಾಕ್ಯ.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು. ಸ್ವತಂತ್ರ ಕಾರ್ಮಿಕ ಪಕ್ಷ ಹುಟ್ಟಿದ 1893ರ ಬ್ರ್ಯಾಡ್‌ಫರ್ಡ್ ಸಮ್ಮೇಳನ, 1895ರ ಸೋಲು, 1900ರಲ್ಲಿ ವೇಲ್ಸಿನ ಮರ್ಥರ್ ಟಿಡ್ವಿಲ್‌ನಿಂದ ಗೆಲುವು, ಇವನ್ನೆಲ್ಲ ಹಾರಿಸುತ್ತೇನೆ. 1906ರಲ್ಲಿ ಕಾರ್ಮಿಕರ ಕಡೆಯ 29 ಮಂದಿ ಸಂಸತ್ತಿಗೆ ಗೆದ್ದು ಲೇಬರ್ ಪಕ್ಷವೆಂಬ ಹೆಸರು ತಳೆದಾಗ, ಹಾರ್ಡಿ ಅದರ ಸಂಸದೀಯ ಗುಂಪಿನ ಮೊದಲ ಅಧ್ಯಕ್ಷರಾದದ್ದು ಒಂದೇ ಮತದ ಅಂತರದಿಂದ.

1907ರಲ್ಲಿ ಭಾರತಕ್ಕೆ ಬಂದರು. ವಿಭಜನೆಯಿಂದ ಕುದಿಯುತ್ತಿದ್ದ ಬಂಗಾಳದಲ್ಲಿ ಸುತ್ತಾಡಿ, ಕೆನಡಾಕ್ಕಿರುವ ಸ್ವಯಂ ಆಡಳಿತ ಈ ದೇಶಕ್ಕೂ ಬೇಕೆಂಬ ಅರ್ಥದ ಮಾತಾಡಿದರು. ಅದು ತಂತಿಯಲ್ಲಿ ಲಂಡನ್ ಮುಟ್ಟಿದ್ದೇ ತಡ, ಪತ್ರಿಕೆಗಳು ರಾಜದ್ರೋಹವೆಂದು ಹೌಹಾರಿದವು. ಹಾರ್ಡಿ ಊರಿಗೆ ಮರಳಿ ತಾವು ಕಂಡದ್ದನ್ನೆಲ್ಲ ಬರೆದು 1909ರಲ್ಲಿ ಪುಸ್ತಕವಾಗಿಸಿದರು. ಅದಕ್ಕೆ ಬೇರೆ ಉತ್ತರ ಅವರಲ್ಲಿರಲಿಲ್ಲ. 1947ರ ಆಗಸ್ಟ್ 15ರಂದು ಲಂಡನ್ನಿನಲ್ಲಿ ಅಧಿಕಾರದಲ್ಲಿದ್ದದ್ದು ಅವರು ಕಟ್ಟಿದ ಪಕ್ಷವೇ. ಬಾಗಿಲಲ್ಲಿ ಕೇಳಿದ ಹಿರಿಯರಿಗೆ ಇದನ್ನೇ ಹೇಳಬೇಕಿತ್ತು.

ಹೆಣ್ಣುಮಕ್ಕಳ ಮತದ ಹಕ್ಕಿಗಾಗಿ ಅವರು ಮಾಡಿದ ಕೆಲಸ ಇನ್ನೊಂದು ಸಂಜೆಗಿರಲಿ. 1914ರ ಆಗಸ್ಟ್ 6ರಂದು, ಯುದ್ಧ ಘೋಷಣೆಯಾದ ಎರಡೇ ದಿನಕ್ಕೆ, ತಮ್ಮದೇ ಕ್ಷೇತ್ರದ ಆಬರ್‌ಡೇರ್‌ನಲ್ಲಿ ಯುದ್ಧ ಬೇಡವೆಂದು ಹೇಳಲು ಎದ್ದರು. ಅವರಿಗೇ ಮತ ಹಾಕಿದ್ದ ಊರಿನವರು ದೇಶಭಕ್ತಿಯ ಹಾಡು ಹಾಡಿ, ಕೂಗಿ, ಅವರ ದನಿ ಮುಳುಗಿಸಿದರು. 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರಿಕೊಂಡಾಗ ಅವರಿಗೆ 59 ವರ್ಷ.

ಟಿಪ್ಪಣಿಯಲ್ಲಿ ಇನ್ನೂ ಎರಡು ಹಾಳೆ ಉಳಿದಿವೆ. ಅವನ್ನು ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ, ನಡಾವಳಿ ಪುಸ್ತಕಕ್ಕೆ ಅಂಟಿಸಿಕೊಳ್ಳಲಿ.