ಬಾಣ ನೆಟ್ಟವನೇ ಬೆನ್ನು ಹತ್ತಬೇಕು

ನಮಸ್ಕಾರ. ಕಿರಾತನ ಕಥೆ ನಿಮಗೆಲ್ಲ ಗೊತ್ತಿದೆ. ನಮ್ಮ ಕಡೆ ಬಯಲಾಟ ನೋಡಿ ಬೆಳೆದವರಿಗಂತೂ ಬಿಡಿಸಿ ಹೇಳಬೇಕಾಗಿಲ್ಲ. ತಪಸ್ಸಿಗೆ ಕುಳಿತ ಅರ್ಜುನನ ಮೇಲೆ ಮೂಕನೆಂಬ ದಾನವ ಹಂದಿಯ ರೂಪದಲ್ಲಿ ನುಗ್ಗುತ್ತಾನೆ. ಅರ್ಜುನ ಬಾಣ ಬಿಡುತ್ತಾನೆ. ಅದೇ ಗಳಿಗೆಯಲ್ಲಿ ಬೇಡನ ವೇಷದ ಶಿವನೂ ಬಿಡುತ್ತಾನೆ. ಹಂದಿ ಉರುಳಿ ಬೀಳುತ್ತದೆ. ಆಮೇಲೆ ಜಗಳ ಹತ್ತಿಕೊಳ್ಳುವುದು ಯಾವುದರ ಮೇಲೆ? ಹಂದಿ ಯಾರದು ಎಂಬುದರ ಮೇಲೆ. ನಾನು ಗುರಿಯಿಟ್ಟ ಮೃಗಕ್ಕೆ ನೀನು ಹೊಡೆದದ್ದು ಬೇಟೆಯ ಧರ್ಮವಲ್ಲ ಎಂದು ಅರ್ಜುನ ಹರಿಹಾಯುತ್ತಾನೆ. ಮೊದಲು ಗುರಿಯಿಟ್ಟವನೂ ನಾನೇ, ಅದು ಸತ್ತದ್ದೂ ನನ್ನ ಏಟಿಗೇ ಎಂದು ಕಿರಾತ ತಿರುಗಿಬೀಳುತ್ತಾನೆ. ಮಾತಿಗೆ ಮಾತು ಬೆಳೆದು ಕೊನೆಗೆ ಮಲ್ಲಯುದ್ಧವೇ ಆಗಿಹೋಗುತ್ತದೆ.

ಇದನ್ನು ಭಕ್ತನ ಪರೀಕ್ಷೆಯ ಕಥೆಯೆಂದು ಓದುವವರು ಓದಲಿ, ತಪ್ಪೇನಿಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ನನ್ನ ಕಣ್ಣಿಗೆ ಅದರಲ್ಲಿ ಮೊದಲು ಬೀಳುವುದು ಆ ಒಂದು ಮಾತು: ಬೇಟೆಯ ಧರ್ಮ. ಕೊಲ್ಲುವ ಕೆಲಸಕ್ಕೂ ಒಂದು ರೀತಿ ನೀತಿ ಇದೆ, ಅದನ್ನು ಮೀರಿದವನು ಯಾರೇ ಆಗಿರಲಿ ನಿಲ್ಲಿಸಿ ಕೇಳಬಹುದು ಎಂಬ ಧೈರ್ಯ ಅದರಲ್ಲಿದೆ.

ಗಾಯಗೊಂಡ ಜಿಂಕೆ ಯಾರದು ಎಂಬುದು ಲೋಕದ ಹಳೆಯ ತಕರಾರುಗಳಲ್ಲಿ ಒಂದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಸಾಲಿದೆ. ಮರದ ಮೋಟು ಕಡಿದು ಹಸನು ಮಾಡಿದವನದು ಹೊಲ, ಬಾಣ ಯಾರದೋ ಅವನದು ಮೃಗ. ಆ ಮಾತು ಬರುವುದು ಹೆಂಡತಿ ಮಕ್ಕಳು ಯಾರಿಗೆ ಸೇರಿದವರು ಎಂಬ ಚರ್ಚೆಯ ನಡುವೆ. ಹೆಣ್ಣನ್ನು ಹೊಲಕ್ಕೂ ಮೃಗಕ್ಕೂ ಹೋಲಿಸುವ ಆ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಬೇರೊಂದು ವಾದಕ್ಕೆ ಸಾಕ್ಷಿಯಾಗಿ ಎಳೆದು ತರುವಷ್ಟು ಬೇಟೆಯ ಆ ನಿಯಮ ಆಗಲೇ ಜನರ ಬಾಯಲ್ಲಿತ್ತು ಎಂಬುದಂತೂ ಅದರಿಂದ ತಿಳಿಯುತ್ತದೆ.

ರೋಮನ್ನರು ಇದನ್ನೇ ಇನ್ನೊಂದು ಬಗೆಯಲ್ಲಿ ತೀರ್ಮಾನಿಸಿದರು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಎರಡೂ ಪಕ್ಷಗಳ ಮಾತಿದೆ. ಗಾಯ ಮಾಡಿದ ಕೂಡಲೇ ಪ್ರಾಣಿ ನಿನ್ನದಾಗುತ್ತದೆ ಎಂದು ಕೆಲವರು. ಕೈಗೆ ಸಿಗುವ ತನಕ ನಿನ್ನದಲ್ಲ, ನಡುವೆ ಏನು ಬೇಕಾದರೂ ಆಗಬಹುದು ಎಂದು ಉಳಿದವರು. ಗೆದ್ದದ್ದು ಎರಡನೆಯ ಪಕ್ಷ. ನನಗೆ ಮುಖ್ಯವೆನಿಸುವುದು ಸೋತ ಪಕ್ಷದ ಮಾತು. ಅವರು ಕೂಡ ಒಂದು ಷರತ್ತು ಹಾಕಿದ್ದರು. ನೀನು ಬೆನ್ನು ಹತ್ತಿರುವಷ್ಟು ಹೊತ್ತು ಮಾತ್ರ ಅದು ನಿನ್ನದು. ಸಾಕೆಂದು ಹಿಂತಿರುಗಿದ ಕ್ಷಣದಲ್ಲಿ ನಿನ್ನ ಹಕ್ಕು ಮುಗಿಯಿತು, ಆಮೇಲೆ ಯಾರು ಹಿಡಿದರೆ ಅವರದು.

ಈ ಷರತ್ತಿನ ಮೇಲೆಯೇ ಇವತ್ತು ನಾನು ಮಾತನಾಡಬೇಕೆಂದಿರುವುದು. ಹೊಡೆದವನದೇ ಪ್ರಾಣಿ ಎಂದು ಹೇಳಿದ ಎಲ್ಲ ಕಾಲದ, ಎಲ್ಲ ಊರಿನ ಬೇಟೆಗಾರರೂ ಹೊಡೆದವನು ಕೊನೆಯವರೆಗೆ ಹಿಂದೆ ಹೋಗುತ್ತಾನೆ ಎಂದು ನಂಬಿಕೊಂಡೇ ಹಾಗೆ ಹೇಳಿದರು. 1805ರಲ್ಲಿ ಅಮೆರಿಕದ ನ್ಯೂಯಾರ್ಕ್‌ನ ನ್ಯಾಯಾಲಯದ ಮುಂದೆ ಒಂದು ನರಿಯ ವ್ಯಾಜ್ಯ ಬಂತು. ಪೋಸ್ಟ್ ಎಂಬಾತ ನಾಯಿಗಳೊಂದಿಗೆ ಅಟ್ಟಿಸಿಕೊಂಡು ಬರುತ್ತಿದ್ದ ನರಿಯನ್ನು ಪಿಯರ್ಸನ್ ಎಂಬಾತ ಅವನ ಕಣ್ಣೆದುರಿಗೇ ಕೊಂದು ಹೊತ್ತೊಯ್ದ. ಬರಿದೇ ಅಟ್ಟಿಸಿಕೊಂಡು ಬಂದರೆ ಒಡೆತನ ಬರುವುದಿಲ್ಲ ಎಂದು ತೀರ್ಪಾಯಿತು. ಆದರೆ ಸಾಯುವಂಥ ಗಾಯ ಮಾಡಿ, ಬಿಡದೆ ಬೆನ್ನು ಹತ್ತಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಅದೇ ತೀರ್ಪು ಹೇಳಿತು. ಲಿವಿಂಗ್‌ಸ್ಟನ್ ಎಂಬ ನ್ಯಾಯಾಧೀಶರು ಮಾತ್ರ ಒಪ್ಪಲಿಲ್ಲ. ಇಂಥ ಜಗಳವನ್ನು ಬೇಟೆಗಾರರ ಪಂಚಾಯಿತಿಗೇ ಬಿಡಬೇಕಿತ್ತು ಎಂದು ಬೇರೆ ಅಭಿಪ್ರಾಯ ಬರೆದರು.

ನಮ್ಮಲ್ಲಿ ಆ ಪಂಚಾಯಿತಿ ಇತ್ತು. ಯುಗಾದಿಯ ಮರುದಿನ ಊರಿನ ಗಂಡಸರೆಲ್ಲ ಬೇಟೆಗೆ ಹೋಗುತ್ತಿದ್ದ ಕಾಲವನ್ನು ಕಂಡ ಹಿರಿಯರು ಈಗಲೂ ಕೆಲವರಿದ್ದಾರೆ. ಪಾಲಿನ ಲೆಕ್ಕ ಊರಿಂದೂರಿಗೆ ಬೇರೆ. ಮೊದಲ ಏಟು ಯಾರದೋ ಅವರಿಗೆ ತಲೆ ಎಂದು ಒಂದು ಊರಿನಲ್ಲಿ, ತೊಡೆ ಎಂದು ಇನ್ನೊಂದು ಊರಿನಲ್ಲಿ. ಸೋಹಿದವರಿಗೂ, ಅಂದರೆ ಪೊದೆಯಿಂದ ಪ್ರಾಣಿಯನ್ನು ಎಬ್ಬಿಸಿ ಅಟ್ಟಿದವರಿಗೂ ಪಾಲು, ನಾಯಿ ತಂದವರಿಗೂ ಪಾಲು. ಆದರೆ ಎಲ್ಲ ಕಡೆಯೂ ಕೇಳಿಬರುವ ಒಂದು ಮಾತಿದೆ: ಗಾಯವಾದದ್ದನ್ನು ಬಿಟ್ಟು ಬಂದವನಿಗೆ ಊರಿನಲ್ಲಿ ಮರ್ಯಾದೆ ಇರಲಿಲ್ಲ.

ಬೆನ್ನು ಹತ್ತುವುದೆಂದರೆ ಹುಚ್ಚಾಪಟ್ಟೆ ಓಡುವುದಲ್ಲ. ರಕ್ತ ನೋಡಿ ಗಾಯ ಹೇಳುವ ವಿದ್ಯೆ ಅದು. ತಿಳಿಗೆಂಪಾಗಿ, ನೊರೆನೊರೆಯಾಗಿ ಬಿದ್ದಿದ್ದರೆ ಏಟು ಶ್ವಾಸಕೋಶಕ್ಕೆ. ಪ್ರಾಣಿ ಹೆಚ್ಚು ದೂರ ಹೋಗಿರುವುದಿಲ್ಲ. ಕಪ್ಪುಗೆಂಪಾಗಿದ್ದರೆ ಲಿವರ್‌ಗೆ. ಹಸಿರು ಬೆರೆತು, ಮೇವಿನ ದುರ್ವಾಸನೆ ಬರುತ್ತಿದ್ದರೆ ಹೊಟ್ಟೆಗೆ. ಎಲ್ಲಕ್ಕಿಂತ ಕೆಟ್ಟದ್ದು ಇದೇ. ಆಗ ಕೂಡಲೇ ಹಿಂದೆ ಬೀಳಬಾರದು, ಗಂಟೆಗಟ್ಟಲೆ ಕಾಯಬೇಕು. ಬಿಟ್ಟರೆ ಹತ್ತಿರದ ಪೊದೆಯಲ್ಲೇ ಮಲಗುತ್ತದೆ. ಅಟ್ಟಿದರೆ ಆ ನೋವಿನಲ್ಲೇ ಗುಡ್ಡ ದಾಟಿ, ಯಾರಿಗೂ ಸಿಗದ ಕಡೆ ನರಳಿ ಸಾಯುತ್ತದೆ. ರಕ್ತ ನೆಲದ ಮೇಲೆ ಮಾತ್ರ ಇದೆಯೇ, ಕಾರೆಗಿಡದ ಎಲೆಗೆ ಮೊಣಕಾಲೆತ್ತರದಲ್ಲಿ ಸವರಿದೆಯೇ ಎಂದು ನೋಡಿ ಗಾಯ ಕಾಲಿಗಾಗಿದೆಯೋ ಪಕ್ಕೆಗಾಗಿದೆಯೋ ಎಂದು ಹೇಳುತ್ತಿದ್ದರು. ಇಷ್ಟೆಲ್ಲ ತಿಳಿದವನು, ಹೀಗೆ ಕಾದು ಕುಳಿತವನು ಬಂದು 'ಇದು ನನ್ನದು' ಎಂದರೆ ಆ ಮಾತಿಗೊಂದು ತೂಕವಿತ್ತು.

ರೀತಿ ಇದಕ್ಕಿಂತಲೂ ಹಿಂದಿನಿಂದ ಶುರುವಾಗುತ್ತಿತ್ತು. ಪಾಂಡು ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಯನ್ನು ಹೊಡೆದಾಗ ಮುನಿ ಏನೆಂದು ಶಪಿಸಿದ? ಜಿಂಕೆಯನ್ನು ಕೊಂದೆಯೆಂದು ನಿನ್ನನ್ನು ದೂರುವುದಿಲ್ಲ, ಜೋಡಿಯಾಗಿದ್ದಾಗ ಕಾಯದೆ ಕೊಂದೆಯಲ್ಲ ಎಂದ. ದಶರಥ ಕಣ್ಣಿಗೆ ಕಾಣದ್ದಕ್ಕೆ, ಬರೀ ಸದ್ದಿಗೆ ಬಾಣ ಬಿಟ್ಟು ಮುನಿಕುಮಾರನನ್ನು ಕೊಂದ. ರಾತ್ರಿ ಟಾರ್ಚ್ ಬಿಟ್ಟು, ಹೊಳೆಯುವ ಎರಡು ಕಣ್ಣಿಗೆ ಗುಂಡು ಹಾರಿಸುವವರು ಮಾಡುವುದು ಅದನ್ನೇ. ಗಂಡೋ ಹೆಣ್ಣೋ, ಬಸುರಿಯೋ, ಮರಿ ಹಿಂದಿದೆಯೋ, ಅದು ಜಿಂಕೆಯೋ ಯಾರದೋ ದನವೋ, ಹೊಡೆಯುವವನಿಗೇ ಗೊತ್ತಿರುವುದಿಲ್ಲ.

ಈಗಿನ ಮಾತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಜಗಳೂರಿನ ರಸ್ತೆಯಲ್ಲಿ ನಾನೇ ಕಂಡದ್ದು. ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಹಿಂಗಾಲು ಮುರಿದ ಹೆಣ್ಣು ಕೃಷ್ಣಮೃಗ ಬಿದ್ದಿತ್ತು. ಸುತ್ತ ಎರಡು ಗುಂಪು. ನಮ್ಮ ಗಾಡಿಗೆ ಸಿಕ್ಕದ್ದು, ನಾವು ಒಯ್ಯುತ್ತೇವೆ ಎಂದು ಟೆಂಪೊದವರು. ಬಿದ್ದಿರುವುದು ನಮ್ಮ ಹೊಲದಲ್ಲಿ, ವರ್ಷವೆಲ್ಲ ಪೈರು ತಿಂದದ್ದೂ ನಮ್ಮದೇ ಎಂದು ಹೊಲದವರು. ಒಬ್ಬ ಹುಡುಗ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ. ಜಿಂಕೆಯ ಮೂಗಿನ ಹೊಳ್ಳೆಗೆ ಹಸಿ ಮಣ್ಣು ಮೆತ್ತಿತ್ತು. ತಲೆ ಎತ್ತಲು ಆಗುತ್ತಿರಲಿಲ್ಲ. ಆದರೆ ಯಾರು ದನಿ ಏರಿಸಿದರೆ ಅವರ ಕಡೆಗೆ ಅದರ ಕಿವಿ ತಿರುಗುತ್ತಿತ್ತು, ಒಮ್ಮೆ ಈ ಗುಂಪಿನ ಕಡೆ, ಒಮ್ಮೆ ಆ ಗುಂಪಿನ ಕಡೆ. ಅಷ್ಟರಲ್ಲಿ ಯಾರೋ ಅರಣ್ಯ ಇಲಾಖೆಗೆ ಫೋನ್ ಮಾಡಿಯಾಗಿದೆ ಎಂದರು. ಟೆಂಪೊ ಹೊರಟುಹೋಯಿತು. ಹೊಲದವರು ಅದು ಎಲ್ಲಿಂದ ಬಂತೋ ತಮಗೆ ಗೊತ್ತೇ ಇಲ್ಲ ಎಂದರು. ಐದು ನಿಮಿಷದ ಹಿಂದೆ ಇಬ್ಬರಿಗೂ ಸೇರಿದ್ದ ಜಿಂಕೆ ಯಾರದೂ ಅಲ್ಲದ್ದಾಯಿತು. ಸಿಬ್ಬಂದಿ ಬಂದು ತಲುಪುವ ಮೊದಲೇ ಅದು ಸತ್ತಿತ್ತು.

ಪೈರು ಹಾಳಾಯಿತೆಂಬ ಹೊಲದವರ ಸಂಕಟ ಸುಳ್ಳಲ್ಲ. ಮೊಳಕೆಯೊಡೆದ ಮೆಕ್ಕೆಜೋಳದ ಸಾಲಿಗೆ ಜಿಂಕೆಯ ಹಿಂಡು ನುಗ್ಗಿದರೆ ಬೆಳಿಗ್ಗೆ ನೋಡಲು ಆಗುವುದಿಲ್ಲ. ಬೆಳೆ ಪರಿಹಾರ ತಡವಾದಾಗ ಸಿಟ್ಟು ಬರುತ್ತದೆ, ಬರಲೇಬೇಕು. ಆ ಸಿಟ್ಟನ್ನು ಕಚೇರಿಯ ಮುಂದೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ. ಕಾಲು ಮುರಿದು ಬಿದ್ದ ಪ್ರಾಣಿಯ ಮುಂದೆ ತೋರಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ನನ್ನ ಹೊಟ್ಟೆ ಉರಿಯುವುದು ಉರುಲಿನ ವಿಷಯಕ್ಕೆ. ನಮ್ಮ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದ್ದು ಕೊಂಡುಕುರಿಗಾಗಿ. ಸುಮಾರು 77 ಚದರ ಕಿಲೋಮೀಟರ್ ಜಾಗ. ಗಂಡಿನ ತಲೆಯ ಮೇಲೆ ನಾಲ್ಕು ಕೊಂಬಿರುವ, ಮೇಕೆಯಷ್ಟೇ ಎತ್ತರದ ಈ ನಾಚಿಕೆಯ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನಲ್ಲಿ ಅಡಗಿ ಬದುಕುತ್ತದೆ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುವುದು ಅದರ ಅಭ್ಯಾಸ. ಹಿಕ್ಕೆಯ ಗುಡ್ಡೆ ಕಂಡವನಿಗೆ ಅದು ಬರುವ ದಾರಿ ಸಿಕ್ಕಂತೆಯೇ. ಬೈಕಿನ ಕ್ಲಚ್ ಕೇಬಲ್ಲನ್ನು ಕುಣಿಕೆ ಮಾಡಿ ಆ ದಾರಿಗೆ ಕಟ್ಟಿ ಮನೆಗೆ ಹೋಗುತ್ತಾರೆ. ಕೊರಳಿಗೆ ಬಿದ್ದರೆ ಬೇಗ ಸಾಯುತ್ತದೆ. ಕಾಲಿಗೆ ಬಿದ್ದರೆ ಎಳೆದೆಳೆದು ತಂತಿ ಮೂಳೆಯ ತನಕ ಇಳಿಯುತ್ತದೆ. ಕಿತ್ತುಕೊಂಡು ಹೋದದ್ದು ಮೂರು ಕಾಲಿನಲ್ಲಿ ಎಲ್ಲಿಗೆ ಹೋಗಿ ಏನಾಯಿತೆಂದು ಕುಣಿಕೆ ಕಟ್ಟಿದವನು ಹುಡುಕುವುದಿಲ್ಲ. ಕೆಲವೊಮ್ಮೆ ತಾನು ಕಟ್ಟಿದ ಕುಣಿಕೆಯನ್ನೇ ಮರೆತಿರುತ್ತಾನೆ.

ಇದನ್ನು ಮಾಡುವವರೇ ನನ್ನ ಮುಂದೆ ಬಂದು 'ಬೇಟೆ ನಮ್ಮ ಪರಂಪರೆ' ಎನ್ನುತ್ತಾರೆ. ನಾಯಕರ ನಾಡು, ಬೇಡರ ನಾಡು, ನಮ್ಮ ತಾತಂದಿರು ಆಡಿದ್ದಾರೆ ಎನ್ನುತ್ತಾರೆ. ಆಡಿದ್ದಾರೆ, ಒಪ್ಪಿದೆ. ಬೇಟೆಯಾಡಿದ ಸಮುದಾಯಗಳನ್ನು ಕೀಳಾಗಿ ಕಾಣುವವನು ನಾನಲ್ಲ. ಅವರ ಕಾಡಿನ ತಿಳಿವಳಿಕೆಯ ಮುಂದೆ ನಮ್ಮ ಓದು ಬರಹ ಬಹಳ ಸಣ್ಣದು. ಆ ತಾತಂದಿರು ಹತ್ತು ಜನರ ಮುಂದೆ ನಿಂತು 'ಈ ಏಟು ನನ್ನದು' ಎಂದು ಹೇಳಿಕೊಳ್ಳುತ್ತಿದ್ದರು. ಉರುಲು ಕಟ್ಟುವವರು, ಸಿಡಿಮದ್ದು ಇಡುವವರು, ಬೇಲಿಗೆ ಕರೆಂಟ್ ಬಿಡುವವರು ಯಾರ ಮುಂದೆ ಹಾಗೆ ಹೇಳುತ್ತಾರೆ? ಹೇಳಿಕೊಳ್ಳಲು ಬಾಯಿ ಬಾರದ ಕೆಲಸವನ್ನು ತಾತನ ಹೆಸರಿಗೆ ಹಚ್ಚಬೇಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ, ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯವನ್ನೇ ಹೇಳಬೇಕು ಎಂದು ಅಶೋಕ ಬರೆಸಿದ್ದಾನೆ. ಪರಂಪರೆ ಎಂದರೆ ಅದೂ ನಮ್ಮ ಪರಂಪರೆಯೇ.

ಕಾನೂನಿನ ಮಾತು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಗೊಂದಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಸೋಹುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಕಾನೂನು ಮೀರಿ ಬೇಟೆಯಾಡಿದ್ದಿರಲಿ, ಸತ್ತು ಸಿಕ್ಕದ್ದಿರಲಿ, ಅಕಸ್ಮಾತ್ತಾಗಿ ಕೊಂದದ್ದಿರಲಿ, ಅಂಥ ಪ್ರಾಣಿ ಸರ್ಕಾರದ ಸ್ವತ್ತು. ಜೀವ ಉಳಿಸಿಕೊಳ್ಳಲು ಹೊಡೆದು ಗಾಯ ಮಾಡಿದ್ದರೂ ಅಷ್ಟೇ. ನಿಮ್ಮ ಕೈಗೆ ಬಂದಿದ್ದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಟೆಂಪೊದವರ ವಾದವೂ ಹೊಲದವರ ವಾದವೂ ಇಲ್ಲಿಗೆ ಮುಗಿಯುತ್ತವೆ.

ಆದರೆ ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಒಡೆತನ ಸರ್ಕಾರದ್ದಾದರೆ ಬೆನ್ನು ಹತ್ತುವ ಹೊಣೆಯೂ ಸರ್ಕಾರದ್ದೇ. ಸತ್ತ ಮೇಲೆ ಬಂದು ಪಂಚನಾಮೆ ಬರೆದು ಸುಟ್ಟು ಹೋಗುವುದು ಒಡೆಯನ ಕೆಲಸದ ಕೊನೆಯ ಭಾಗ ಮಾತ್ರ. ಉಸಿರಾಡುತ್ತಿರುವಾಗ ಬರುವುದು ಮೊದಲ ಭಾಗ. ಯುಗಾದಿಗೆ ಹದಿನೈದು ದಿನ ಮೊದಲೇ ಕಾಡಿನ ದಾರಿಗಳಲ್ಲಿ ಉರುಲು ಹುಡುಕಿ ಕಿತ್ತುಹಾಕಬೇಕು. ಆ ಕೆಲಸಕ್ಕೆ ಹಳೆಯ ಬೇಟೆಗಾರರನ್ನೇ ಕೂಲಿ ಕೊಟ್ಟು ಕರೆಯಬೇಕು. ಕುಣಿಕೆ ಎಲ್ಲಿ ಕಟ್ಟುತ್ತಾರೆಂದು ಅವರಷ್ಟು ತಿಳಿದವರು ಇನ್ನಾರಿದ್ದಾರೆ?

ನಾವು ಮಾಡಬೇಕಾದದ್ದೂ ಇದೆ. ಗಾಯಗೊಂಡ ಜಿಂಕೆ ಕಂಡರೆ ಮೊದಲು ನಾಯಿಗಳನ್ನು ದೂರ ಓಡಿಸಿ. ಸುತ್ತ ಗುಂಪು ಕಟ್ಟಬೇಡಿ. ಎದ್ದು ಓಡಿದರೆ ಹಿಡಿಯಲು ಹೋಗಬೇಡಿ. ಭಯದಲ್ಲಿ ವಿಪರೀತ ಓಡಿದ ಜಿಂಕೆಯ ಸ್ನಾಯುಗಳೇ ಹಾಳಾಗಿ, ಮೇಲಿನ ಗಾಯ ಸಣ್ಣದಾಗಿದ್ದರೂ ಆಮೇಲೆ ಅದು ಸಾಯಬಹುದು. ಬಾಯಿಗೆ ನೀರು ಹೊಯ್ಯಬೇಡಿ, ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಊರು, ರಸ್ತೆ, ಹತ್ತಿರದ ಗುರುತು ಹೇಳಿ. ಸಿಬ್ಬಂದಿ ಬರುವ ತನಕ ಒಬ್ಬರಾದರೂ ದೂರದಲ್ಲಿ ನಿಂತಿರಿ. ನಿಮ್ಮ ಗಾಡಿಯೇ ತಗುಲಿದ್ದರೆ ಹಾಗೆಂದು ಹೇಳಿ. ಎಲ್ಲಿಗೆ, ಹೇಗೆ ಏಟು ಬಿದ್ದಿದೆ ಎಂದು ವೈದ್ಯರಿಗೆ ಹೇಳಬಲ್ಲವರು ನೀವೊಬ್ಬರೇ.

ರಾತ್ರಿಯಲ್ಲಿ ಕರೆದರೂ ಬರುವ ಒಂದು ಗಾಡಿ, ಕಾಡುಪ್ರಾಣಿಗೆ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬಲ್ಲ ಒಬ್ಬ ಪಶುವೈದ್ಯರು ಜಗಳೂರಿಗೆ ಬೇಕು. ಮೊಳಕಾಲ್ಮೂರಿಗೂ ಹಿರಿಯೂರಿಗೂ ಬೇಕು. ಇದನ್ನೇ ಬರೆದು ಮನವಿಯೊಂದನ್ನು ಸಿದ್ಧಮಾಡಿದ್ದೇನೆ, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಅರಣ್ಯ ಕಚೇರಿಗಳಿಗೆ ಕೊಡುತ್ತೇನೆ. ರೈತರು, ಟೆಂಪೊ ಓಡಿಸುವವರು, ಹಿಂದೆ ಬೇಟೆಯಾಡುತ್ತಿದ್ದವರು, ಎಲ್ಲರ ಸಹಿಯೂ ಅದರಲ್ಲಿ ಇರಬೇಕೆಂದು ನನ್ನ ಆಸೆ. ಸಹಿ ಹಾಕಲು ಮನಸ್ಸಿದ್ದವರು ನಿಮ್ಮ ಊರಿನ ಹೆಸರು ಬರೆದು ತಿಳಿಸಿ, ನಾನೇ ಬರುತ್ತೇನೆ.